ಪೋಲೆಂಡಿನ ‘ಸೊಕುವ್’ ವ್ಯಾಯಾಮ ಸಂಘಗಳ ಕಟ್ಟಡಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಪೋಲೆಂಡ್ ಮತ್ತು ಪಶ್ಚಿಮ ಉಕ್ರೇನಿನ ಊರುಗಳಲ್ಲಿ ಸುತ್ತಾಡಿದವರಿಗೆ ಒಂದು ಬಗೆಯ ಹಳೇ ಕಟ್ಟಡ ಮತ್ತೆ ಮತ್ತೆ ಎದುರಾಗುತ್ತದೆ. ಈಗ ಅದರಲ್ಲಿ ನಾಟಕ ನಡೆಯುತ್ತಿರಬಹುದು, ಸಿನಿಮಾ ಓಡುತ್ತಿರಬಹುದು, ಮಕ್ಕಳ ನೃತ್ಯದ ತರಗತಿ ಇರಬಹುದು. ಕಟ್ಟಿಸಿದವರು ಮಾತ್ರ ವ್ಯಾಯಾಮ ಸಂಘದವರು. ಈ ಕಟ್ಟಡಗಳ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ತೀರಾ ಕಡಿಮೆ. ಯುರೋಪಿನ ವಾಸ್ತುಶಿಲ್ಪ ಎಂದರೆ ಚರ್ಚು, ಅರಮನೆ, ಕೋಟೆ ಅಷ್ಟೇ ಅಂದುಕೊಂಡವರಿಗೆ ಸಾಮಾನ್ಯ ಜನ ಚಂದಾ ಎತ್ತಿ ಕಟ್ಟಿದ ಈ ಮನೆಗಳ ಪರಿಚಯ ಆಗಬೇಕು ಅನ್ನುವ ಆಸೆಯಿಂದ ಈ ಪುಟ ಬರೆದಿದ್ದೇನೆ.

ಸೊಕುವ್ ಅಂದರೆ ಏನು? ಯಾವಾಗ ಶುರುವಾಯಿತು?

ಸೊಕುವ್ ಒಂದು ವ್ಯಾಯಾಮ ಸಂಘ. ಹೆಸರು ಡೇಗೆ ಹಕ್ಕಿಯದು. ಸಂಘದ ಲಾಂಛನವೂ ಅದೇ, ಕಾಲಲ್ಲಿ ಡಂಬೆಲ್ ಹಿಡಿದು ಹಾರುತ್ತಿರುವ ಡೇಗೆ. ಮೂಲ ಕಲ್ಪನೆ ಪೋಲಿಷರದಲ್ಲ. 1862ರಲ್ಲಿ ಪ್ರಾಗ್ ನಗರದಲ್ಲಿ ಮಿರೋಸ್ಲಾವ್ ತಿರ್ಷ್ ಮತ್ತು ಯಿಂದ್ರಿಖ್ ಫ್ಯೂಗ್ನರ್ ಎಂಬ ಇಬ್ಬರು ‘ಸೊಕೊಲ್’ ಹೆಸರಿನ ಚೆಕ್ ಸಂಘ ಕಟ್ಟಿದರು. ಅದಕ್ಕೂ ಹಿಂದೆ, 1811ರಲ್ಲಿ, ಬರ್ಲಿನ್ ಹೊರವಲಯದ ಬಯಲಲ್ಲಿ ಫ್ರೀಡ್ರಿಶ್ ಲುಡ್ವಿಗ್ ಯಾನ್ ಜರ್ಮನ್ ತರುಣರಿಗೆ ವ್ಯಾಯಾಮ ಕಲಿಸಲು ತೊಡಗಿದ್ದ. ಜರ್ಮನರನ್ನು ನೋಡಿ ಚೆಕ್ಕರು, ಚೆಕ್ಕರನ್ನು ನೋಡಿ ಪೋಲಿಷರು ಕಲಿತರು.

ಪೋಲಿಷ್ ಸಂಘ ಹುಟ್ಟಿದ್ದು 1867ರ ಫೆಬ್ರವರಿಯಲ್ಲಿ, ಪೋಲಿಷರು ಲ್ವುವ್ ಎಂದು ಕರೆಯುವ, ಇವತ್ತು ಉಕ್ರೇನಿನಲ್ಲಿರುವ ಲ್ವಿವ್ ನಗರದಲ್ಲಿ. ಮುಂದೆ ನಿಂತು ಓಡಾಡಿದವರು ಕ್ಲೆಮೆನ್ಸ್ ಝುಕೋತಿನ್ಸ್ಕಿ ಮತ್ತು ಲುದ್ವಿಕ್ ಗೋಲ್ತೆನ್ತಾಲ್ ಎಂಬ ವಿದ್ಯಾರ್ಥಿಗಳು. ಆಮೇಲೆ ಆಂತೋನಿ ದುರ್ಸ್ಕಿ ಎಂಬ ವ್ಯಾಯಾಮ ಶಿಕ್ಷಕರು ತಾಲೀಮಿನ ಕ್ರಮವನ್ನು ಗಟ್ಟಿಯಾಗಿ ರೂಪಿಸಿದರು.

ವ್ಯಾಯಾಮಕ್ಕೆ ಇಷ್ಟು ದೊಡ್ಡ ಕಟ್ಟಡಗಳೇಕೆ ಬೇಕಾದವು?

ಆಗ ಪೋಲೆಂಡ್ ಅನ್ನುವ ದೇಶವೇ ಭೂಪಟದಲ್ಲಿ ಇರಲಿಲ್ಲ ಅನ್ನುವುದರಿಂದ ಉತ್ತರ ಶುರು ಮಾಡಬೇಕು. 1772ರಿಂದ 1795ರೊಳಗೆ ಮೂರು ಕಂತಿನಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಆ ರಾಜ್ಯವನ್ನು ಹಂಚಿಕೊಂಡು ಮುಗಿಸಿದ್ದವು. 1830ರಲ್ಲಿ ಒಮ್ಮೆ, 1863ರಲ್ಲಿ ಇನ್ನೊಮ್ಮೆ ಪೋಲಿಷರು ರಷ್ಯಾದ ವಿರುದ್ಧ ಬಂಡೆದ್ದರು. ಎರಡು ಸಲವೂ ನೆಲ ಕಚ್ಚಿದರು. ಗಲ್ಲು, ಸೈಬೀರಿಯಾ, ಆಸ್ತಿ ಮುಟ್ಟುಗೋಲು ಇವೇ ಫಲ. ಎರಡನೇ ಸೋಲಿನ ಮೂರೇ ವರ್ಷಕ್ಕೆ ಸೊಕುವ್ ಹುಟ್ಟಿತು ಎನ್ನುವುದನ್ನು ಗಮನಿಸಬೇಕು. ಕೋವಿ ಹಿಡಿದು ಗೆಲ್ಲಲು ಆಗಲಿಲ್ಲ, ಇನ್ನು ಜನರನ್ನೇ ಗಟ್ಟಿ ಮಾಡೋಣ ಎನ್ನುವ ಯೋಚನೆ ಆ ಪೀಳಿಗೆಯಲ್ಲಿ ಬಲವಾಗಿತ್ತು. ಶಾಲೆ, ಸಹಕಾರ ಬ್ಯಾಂಕು, ವಾಚನಾಲಯ, ವ್ಯಾಯಾಮ ಸಂಘ ಎಲ್ಲವೂ ಅದರ ಕೊಂಬೆಗಳು.

ಹಾಗಾಗಿ ಸೊಕುವ್ ಕಟ್ಟಡ ಅಂದರೆ ತಾಲೀಮು ಮಾಡುವ ಜಾಗ ಮಾತ್ರ ಆಗಿರಲಿಲ್ಲ. ಪೋಲಿಷ್ ಬಾವುಟ, ಪೋಲಿಷ್ ಹಾಡು, ಪೋಲಿಷ್ ಭಾಷಣ, ಹಳೇ ಯುದ್ಧಗಳ ವಾರ್ಷಿಕೋತ್ಸವ ಎಲ್ಲಕ್ಕೂ ಊರಲ್ಲಿ ಸೂರು ಒದಗಿಸಿದ್ದು ಅದೇ. ಸ್ವಂತ ಸರ್ಕಾರ ಇಲ್ಲದ ಜನ ಸಾರ್ವಜನಿಕವಾಗಿ ಒಟ್ಟಾಗಿ ನಿಲ್ಲಲು ಕಟ್ಟಿಕೊಂಡ ಮನೆ ಅದು. ನನ್ನ ಮಟ್ಟಿಗೆ ಈ ಕಟ್ಟಡಗಳಲ್ಲಿ ನೋಡಬೇಕಾದ್ದು ಮುಂಭಾಗದ ಅಲಂಕಾರಕ್ಕಿಂತ ಮೊದಲು ಒಳಗಿನ ಆ ಒಂದು ದೊಡ್ಡ ಹಾಲ್. ಉಳಿದಿದ್ದೆಲ್ಲ ಅದರ ಸುತ್ತ ಬಂದದ್ದು.

ಇದು ನಮ್ಮ ಗರಡಿ ಮನೆಯ ಹಾಗೇನಾ?

ಕನ್ನಡಿಗರಿಗೆ ಮೊದಲು ನೆನಪಾಗುವುದು ಅದೇ. ಊರಿನ ತರುಣರು ಸೇರುವುದು, ಮೈ ಹುರಿಗೊಳಿಸುವುದು, ಊರ ಮರ್ಯಾದೆ ಎಂಬ ಭಾವ ಇಷ್ಟರಲ್ಲಿ ಹೋಲಿಕೆ ಇದೆ. ಆದರೆ ಗರಡಿಯಲ್ಲಿ ಕೆಮ್ಮಣ್ಣಿನ ಅಖಾಡ, ಹನುಮಂತನ ಪಟ, ಉಸ್ತಾದರು, ಜೋಡಿ ಕುಸ್ತಿ. ಸೊಕುವ್‌ನಲ್ಲಿ ಮರದ ನೆಲ, ಚುನಾಯಿತ ಅಧ್ಯಕ್ಷ, ಲೆಕ್ಕಪತ್ರ, ಮಹಾಸಭೆ, ಮತ್ತು ನೂರಾರು ಜನ ಸಾಲಾಗಿ ನಿಂತು ಒಂದೇ ಆಜ್ಞೆಗೆ ಒಟ್ಟಿಗೆ ಕೈಯೆತ್ತುವ ಕವಾಯತು. ಒಬ್ಬನ ಗೆಲುವಿಗಿಂತ ಎಲ್ಲರೂ ಒಂದೇ ತಾಳದಲ್ಲಿ ಚಲಿಸುವುದು ಅವರಿಗೆ ಮುಖ್ಯವಾಗಿತ್ತು. ಆ ಸಾಲುಗಳಿಗೆ ಜಾಗ ಬೇಕು ಎಂಬುದರಿಂದಲೇ ಹಾಲ್‌ನ ಅಳತೆ ನಿಗದಿಯಾಗುತ್ತಿತ್ತು.

ಈ ಕಟ್ಟಡಗಳು ಗಲೀಶಿಯಾದಲ್ಲೇ ಏಕೆ ಇಷ್ಟೊಂದು?

ಗಲೀಶಿಯಾ ಎಂದರೆ ಆಸ್ಟ್ರಿಯಾದ ಪಾಲಿಗೆ ಬಂದ ಭಾಗ. ಪಶ್ಚಿಮಕ್ಕೆ ಕ್ರಾಕುವ್, ಪೂರ್ವಕ್ಕೆ ಲ್ವಿವ್. 1866ರಲ್ಲಿ ಪ್ರಷ್ಯಾದ ಎದುರು ಯುದ್ಧದಲ್ಲಿ ಸೋತ ಆಸ್ಟ್ರಿಯಾ ಮನೆಯೊಳಗಿನ ಜನಾಂಗಗಳಿಗೆ ಸ್ವಲ್ಪ ಸಡಿಲ ಕೊಡಲೇಬೇಕಾಯಿತು. 1867ರಲ್ಲಿ ಹೊಸ ಸಂವಿಧಾನ ಬಂತು, ಸಂಘ ಕಟ್ಟುವ ಹಕ್ಕನ್ನು ಕೊಡುವ ಕಾನೂನು ಬಂತು. ಗಲೀಶಿಯಾಕ್ಕೆ ಸ್ವಂತ ಪ್ರಾಂತೀಯ ಸಭೆ ಇತ್ತು. ಆಡಳಿತ, ಶಾಲೆ, ನ್ಯಾಯಾಲಯಗಳಲ್ಲಿ ಪೋಲಿಷ್ ಭಾಷೆ ನೆಲೆಯಾಯಿತು. ಪುರಸಭೆಗಳೂ ಪೋಲಿಷರ ಕೈಯಲ್ಲಿದ್ದವು. ಸಂಘ ನೋಂದಾಯಿಸಬಹುದು, ನಿವೇಶನ ಕೊಳ್ಳಬಹುದು, ನಕ್ಷೆಗೆ ಮಂಜೂರಾತಿ ಪಡೆಯಬಹುದು ಎಂಬ ಸ್ಥಿತಿ ಬಂದದ್ದರಿಂದಲೇ ಇಟ್ಟಿಗೆಯ ಮೇಲೆ ಇಟ್ಟಿಗೆ ಕೂತಿತು.

ಪ್ರಷ್ಯಾದ ಪಾಲಿನಲ್ಲೂ ಸಂಘಗಳು ಇದ್ದವು. 1884ರಲ್ಲಿ ಇನೋವ್ರೊತ್ಸ್ವಾಫ್‌ನಲ್ಲಿ, 1886ರಲ್ಲಿ ಪೋಜ್ನಾನ್‌ನಲ್ಲಿ ಸೊಕುವ್ ಶುರುವಾಯಿತು. ಆದರೆ ಅಲ್ಲಿ ಪೊಲೀಸರ ಕಣ್ಣು ಸದಾ ಮೇಲಿತ್ತು. 1904ರ ಕಾನೂನಿನ ದೆಸೆಯಿಂದ ಮಿಹಾವ್ ದ್ಜಿಮಾವಾ ಎಂಬ ರೈತನಿಗೆ ತಾನೇ ಕೊಂಡ ಜಮೀನಿನಲ್ಲಿ ಮನೆ ಕಟ್ಟಲು ಅನುಮತಿ ಸಿಗದೆ, ಅವನು ಸರ್ಕಸ್ ಬಂಡಿಯೊಂದನ್ನು ತಂದು ಅದರಲ್ಲೇ ಸಂಸಾರ ಹೂಡಿದ್ದು ಯುರೋಪಿನಾದ್ಯಂತ ಸುದ್ದಿಯಾಯಿತು. ಒಬ್ಬ ರೈತನ ಗುಡಿಸಲಿಗೇ ಇಷ್ಟು ಅಡ್ಡಿ ಇದ್ದ ಮೇಲೆ ಪೋಲಿಷ್ ಸಂಘದ ದೊಡ್ಡ ಕಟ್ಟಡಕ್ಕೆ ಎಷ್ಟಿದ್ದೀತು ಊಹಿಸಿಕೊಳ್ಳಿ. ಅಲ್ಲಿನ ಸಂಘಗಳು ಬಹುಮಟ್ಟಿಗೆ ಬಾಡಿಗೆ ಹಾಲ್‌ಗಳಲ್ಲೇ ಕಾಲ ಕಳೆದವು. ರಷ್ಯಾದ ಪಾಲಿನಲ್ಲಂತೂ 1905ರ ಕ್ರಾಂತಿಯವರೆಗೆ ಸಂಘಕ್ಕೇ ಅವಕಾಶ ಇರಲಿಲ್ಲ. ಅವಕಾಶ ಸಿಕ್ಕಮೇಲೂ ಬೇಗನೆ ಮತ್ತೆ ನಿಷೇಧ ಬಿತ್ತು.

ಹೀಗಾಗಿ ಇವತ್ತು ಭೂಪಟದಲ್ಲಿ ಹಳೇ ಸೊಕುವ್ ಕಟ್ಟಡಗಳನ್ನು ಗುರುತು ಮಾಡುತ್ತ ಹೋದರೆ, ಒಂದು ಶತಮಾನದ ಹಿಂದೆ ಅಳಿಸಿಹೋದ ಆಸ್ಟ್ರಿಯಾದ ಗಡಿ ತಾನಾಗಿ ಮೂಡುತ್ತದೆ.

ಮೊದಲ ಕಟ್ಟಡ ಯಾವುದು?

ಇಡೀ ಪರಂಪರೆಗೆ ಮಾದರಿ ಪ್ರಾಗ್‌ನದು. ವೊಯ್ತೆಖ್ ಇಗ್ನಾತ್ಸ್ ಉಲ್ಮನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 1863ರಲ್ಲಿ ಅಲ್ಲಿನ ಸೊಕೊಲ್ ಭವನ ಎದ್ದಿತು. ನವೋದಯ ಕಾಲದ ಇಟಲಿಯ ಅರಮನೆಗಳನ್ನು ನೆನಪಿಸುವ ಶೈಲಿ. ಖರ್ಚಿನ ದೊಡ್ಡ ಹೊರೆ ಹೊತ್ತವರು ಫ್ಯೂಗ್ನರ್.

ಪೋಲಿಷರಲ್ಲಿ ಮುಂದಾದದ್ದು ಲ್ವಿವ್. 1880ರ ದಶಕದಲ್ಲಿ ಆಗಿನ ಝಿಮೊರೋವಿಚ್ ರಸ್ತೆಯಲ್ಲಿ ಸಂಘಕ್ಕೆ ಸ್ವಂತ ಮನೆ ಆಯಿತು. ಬೇರೆ ಊರಿನ ಸಂಘಗಳನ್ನು ‘ಗೂಡು’ ಎಂದು ಕರೆಯುವ ರೂಢಿ ಇತ್ತು, ಲ್ವಿವ್‌ನದನ್ನು ಮಾತ್ರ ‘ತಾಯಿ’ ಎಂದರು. ಇತರ ಊರುಗಳಿಂದ ಬಂದ ತರುಣರು ಇಲ್ಲಿ ತರಬೇತಿ ಪಡೆದು, ವಾಪಸ್ ಹೋಗಿ ತಮ್ಮ ಊರಲ್ಲೂ ಇಂಥದ್ದೇ ಹಾಲ್ ಬೇಕು ಅಂತ ಹಟ ಹಿಡಿಯುತ್ತಿದ್ದರು. 1880ರ ದಶಕದ ಕೊನೆಯಿಂದ ಮೊದಲ ಮಹಾಯುದ್ಧದವರೆಗಿನ ಕಾಲು ಶತಮಾನ ಈ ಕಟ್ಟಡಗಳ ಸುಗ್ಗಿ.

ಒಳಗೆ ಏನೇನು ಇರುತ್ತಿತ್ತು?

ಮಧ್ಯದಲ್ಲಿ ದೊಡ್ಡ ಹಾಲ್. ಎರಡು ಅಂತಸ್ತಿನ ಎತ್ತರ, ನಡುವೆ ಒಂದೂ ಕಂಬ ಇಲ್ಲ. ಓಡಿ ಬಂದು ‘ಕುದುರೆ’ ಎಂಬ ವ್ಯಾಯಾಮ ಸಾಧನವನ್ನು ಹಾರುವವನಿಗೆ, ಉಂಗುರ ಹಿಡಿದು ತೂಗುವವನಿಗೆ ಕಂಬ ಅಡ್ಡ ಬರಬಾರದು. ಅದಕ್ಕೇ ಮೇಲ್ಛಾವಣಿಯನ್ನು ಮರದ ಅಥವಾ ಕಬ್ಬಿಣದ ಉದ್ದ ತೊಲೆಗಟ್ಟುಗಳ ಮೇಲೆ ಹೊರಿಸಬೇಕಾಗುತ್ತಿತ್ತು. ಸಣ್ಣ ಊರಿನ ಮೇಸ್ತ್ರಿಗಳ ಪಾಲಿಗೆ ಅದೊಂದು ದೊಡ್ಡ ಪರೀಕ್ಷೆ. ಅಂಥ ಅಗಲದ ಛಾವಣಿ ಅಲ್ಲಿ ಚರ್ಚಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಬೇಕಾಗಿರಲಿಲ್ಲ.

ಕಿಟಕಿಗಳನ್ನು ಗಮನಿಸಿ. ಹೆಚ್ಚಿನ ಕಡೆ ಅವು ತಲೆಗಿಂತ ಮೇಲೆ, ಉದ್ದವಾಗಿ, ಕೆಲವೊಮ್ಮೆ ಕಮಾನಿನ ಆಕಾರದಲ್ಲಿ ಇರುತ್ತವೆ. ಕೆಳಗಿನ ಗೋಡೆ ಖಾಲಿ ಬೇಕಿತ್ತು, ಅಲ್ಲಿ ಏಣಿಗಳನ್ನು ಒರಗಿಸಬೇಕು, ಗೋಡೆಗೆ ಅಡ್ಡಪಟ್ಟಿಗಳ ಚೌಕಟ್ಟು ಬಿಗಿಯಬೇಕು. ಬೆಳಕು ಮೇಲಿಂದ ಬರಬೇಕು, ಕೋಲು ತಗುಲಿ ಗಾಜು ಒಡೆಯಬಾರದು, ಬೀದಿಯವರು ಇಣುಕಬಾರದು. ಸೂರಿನ ತೊಲೆಗಳಲ್ಲಿ ಕಬ್ಬಿಣದ ಕೊಕ್ಕೆಗಳು: ಉಂಗುರ, ಹತ್ತುವ ಹಗ್ಗ, ತೂಗುಕೋಲು ಎಲ್ಲ ಅವಕ್ಕೇ ನೇತಾಡುತ್ತಿದ್ದವು. ನೆಲದಲ್ಲಿ ಅಲ್ಲಲ್ಲಿ ಲೋಹದ ಕುಳಿಗಳು. ಅಡ್ಡ ಸರಳಿನ ಕಂಬಗಳನ್ನು ಅದರಲ್ಲಿ ನೆಟ್ಟು ಬಿಗಿಯುತ್ತಿದ್ದರು. ಹಲಗೆ ನೆಲ ಸ್ವಲ್ಪ ಸ್ಪ್ರಿಂಗಿನ ಹಾಗೆ ಬಾಗಬೇಕು, ಇಲ್ಲದಿದ್ದರೆ ಹಾರಿ ಇಳಿಯುವವನ ಮಂಡಿಗೆ ಪೆಟ್ಟು. ಸಮಾನಾಂತರ ಸರಳು, ಚರ್ಮ ಹೊದೆಸಿದ ಕುದುರೆ, ದಪ್ಪ ಹಾಸುಗಳನ್ನು ಎತ್ತಿ ಪಕ್ಕದ ಕೋಣೆಗೆ ಸಾಗಿಸುವಂತೆ ಇರುತ್ತಿದ್ದವು. ಯಾಕೆ ಅಂದರೆ ಶನಿವಾರ ರಾತ್ರಿ ಅದೇ ನೆಲದ ಮೇಲೆ ನೃತ್ಯಕೂಟ ಇರುತ್ತಿತ್ತು.

ಹಾಲ್‌ನ ಒಂದು ತುದಿಗೆ ವೇದಿಕೆ, ಎದುರು ತುದಿಗೆ ಅಥವಾ ಮೂರು ಕಡೆ ಗ್ಯಾಲರಿ. ಬೀದಿಯ ಕಡೆಗೆ ಎರಡು ಅಂತಸ್ತಿನಲ್ಲಿ ಚಿಕ್ಕ ಕೋಣೆಗಳು: ಸಂಘದ ಕಚೇರಿ, ವಾಚನಾಲಯ, ಬಟ್ಟೆ ಬದಲಿಸುವ ಕೋಣೆ, ಹೋಟೆಲು, ಕಾವಲುಗಾರನ ಮನೆ. ಹಿಂದೆ ಅಂಗಳ ಇದ್ದರೆ ಬೇಸಿಗೆಯಲ್ಲಿ ಬಯಲು ತಾಲೀಮು, ಚಳಿಗಾಲದಲ್ಲಿ ನೀರು ಹರಿಸಿ ಹೆಪ್ಪುಗಟ್ಟಿಸಿ ಸ್ಕೇಟಿಂಗ್. ಟಿಕೆಟ್ ಇಟ್ಟು ಸ್ಕೇಟಿಂಗ್ ಆಡಿಸಿದರೆ ಕಲ್ಲಿದ್ದಲಿನ ಖರ್ಚಾದರೂ ಹುಟ್ಟುತ್ತಿತ್ತು.

ತಾಲೀಮು ಶಾಲೆಗೆ ನಾಟಕದ ವೇದಿಕೆ ಯಾಕೆ?

ಎರಡು ಕಾರಣ. ಒಂದು, ಹಣ. ಹಾಲ್ ಇಡೀ ವಾರ ತಾಲೀಮಿಗೆ ಮಾತ್ರ ಇದ್ದರೆ ಸಾಲದ ಕಂತು ಕಟ್ಟಲು ಆಗುತ್ತಿರಲಿಲ್ಲ. ಸುತ್ತಾಡುವ ನಾಟಕ ಕಂಪನಿಗಳು, ಸಂಗೀತ ಕಛೇರಿ, ಮದುವೆ ಊಟ, ಮುಂದೆ ಸಿನಿಮಾ, ಎಲ್ಲಕ್ಕೂ ಬಾಡಿಗೆ ಬರುತ್ತಿತ್ತು. ಇನ್ನೊಂದು, ಸಂಘದ ಉದ್ದೇಶವೇ ಅದು. ಪೋಲಿಷ್ ಭಾಷೆಯ ನಾಟಕ ಆಡುವುದೂ ಜನರನ್ನು ಗಟ್ಟಿ ಮಾಡುವ ಕೆಲಸ ಎಂದೇ ಅವರು ನಂಬಿದ್ದರು. ‘ಗಟ್ಟಿ ಮೈಯಲ್ಲಿ ಗಟ್ಟಿ ಮನಸ್ಸು’ ಎಂಬ ಧ್ಯೇಯವಾಕ್ಯದ ಎರಡನೇ ಅರ್ಧ ಈ ವೇದಿಕೆ.

ದಕ್ಷಿಣ ಪೋಲೆಂಡಿನ ವಾದೋವಿತ್ಸೆ ಎಂಬ ಸಣ್ಣ ಊರಿನ ಸೊಕುವ್ ವೇದಿಕೆಯ ಮೇಲೆ 1930ರ ದಶಕದಲ್ಲಿ ಪ್ರೌಢಶಾಲಾ ಹುಡುಗ ಕಾರೋಲ್ ವೊಯ್ತಿವಾ ನಾಟಕಗಳಲ್ಲಿ ಅಭಿನಯಿಸುತ್ತಿದ್ದ. 1978ರಲ್ಲಿ ಆತ ಎರಡನೇ ಜಾನ್ ಪಾಲ್ ಎಂಬ ಹೆಸರಿನಲ್ಲಿ ಪೋಪ್ ಆದ.

ಕಟ್ಟಲು ದುಡ್ಡು ಎಲ್ಲಿಂದ ಬರುತ್ತಿತ್ತು?

ರಾಜರದಲ್ಲ, ಒಬ್ಬ ಧಣಿಯದೂ ಅಲ್ಲ. ಸದಸ್ಯರ ತಿಂಗಳ ಚಂದಾ, ಊರವರ ದೇಣಿಗೆ, ಲಾಟರಿ, ನೃತ್ಯಕೂಟದ ಟಿಕೆಟ್, ಉಳಿತಾಯ ಬ್ಯಾಂಕಿನ ಸಾಲ. ‘ಇಟ್ಟಿಗೆ’ ಎಂಬ ಹೆಸರಿನ ಚೀಟಿಗಳನ್ನು ಮಾರುವುದು ಪೋಲೆಂಡಿನಲ್ಲಿ ಹಳೇ ಪದ್ಧತಿ. ಒಂದು ಚೀಟಿ ಕೊಂಡರೆ ಒಂದು ಇಟ್ಟಿಗೆ ಕೊಡಿಸಿದ ಲೆಕ್ಕ. ಪುರಸಭೆ ಜಾಗ ಕೊಟ್ಟ ಊರುಗಳೂ ಉಂಟು. ವಕೀಲ, ಮೇಷ್ಟರು, ರೈಲ್ವೆ ಗುಮಾಸ್ತ, ಅಂಗಡಿಯವನು, ಬಡಗಿ ಇಂಥವರೇ ಸದಸ್ಯರು. ಎಷ್ಟೋ ಶಾಲೆಗಳಿಗೆ ಸ್ವಂತ ವ್ಯಾಯಾಮದ ಕೋಣೆ ಇರಲಿಲ್ಲವಾದ್ದರಿಂದ ಬೆಳಿಗ್ಗೆ ಶಾಲಾ ಮಕ್ಕಳು ಸೊಕುವ್‌ಗೆ ಬರುತ್ತಿದ್ದರು.

ಇವುಗಳದ್ದು ಯಾವ ಶೈಲಿ?

‘ಸೊಕುವ್ ಶೈಲಿ’ ಅನ್ನುವುದು ಇಲ್ಲ. ನಕ್ಷೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ, ಮುಖ ಮಾತ್ರ ಊರಿಗೊಂದು. ಮೊದಲಿನವು ಹೆಚ್ಚಾಗಿ ನವೋದಯ ಮಾದರಿಯ ಗಾರೆ ಕೆಲಸದವು: ಸಮವಾಗಿ ಜೋಡಿಸಿದ ಕಮಾನು ಕಿಟಕಿ, ಕಂಬದ ಉಬ್ಬು, ನಡುವೆ ಮುಂಚಾಚಿದ ಭಾಗ, ಅದರ ನೆತ್ತಿಗೆ ರೆಕ್ಕೆ ಬಿಚ್ಚಿದ ಡೇಗೆ. ಕೆಲವರಿಗೆ ಗೋಥಿಕ್ ಇಷ್ಟ; ಕೆಂಪು ಇಟ್ಟಿಗೆ, ಮೆಟ್ಟಿಲು ಮೆಟ್ಟಿಲಾದ ತ್ರಿಕೋನ ನೆತ್ತಿ, ಕೋಟೆಯ ತೆನೆ. ಕೋಟೆಯ ಹಾಗೆ ಕಾಣಬೇಕು ಎಂಬ ಆಸೆ ಸಹಜವೇ, ಪೋಲಿಷ್ ರಾಜರ ಕಾಲದ ವೈಭವವನ್ನು ಅದು ನೆನಪಿಗೆ ತರುತ್ತಿತ್ತು. 1900ರ ನಂತರ ಬಳ್ಳಿ ಬಳುಕಿನ ಹೊಸ ಶೈಲಿ ಬಂತು, ಎರಡು ಮಹಾಯುದ್ಧಗಳ ನಡುವೆ ಅಲಂಕಾರ ಕಳಚಿದ ಸಪಾಟು ಗೋಡೆಗಳು ಬಂದವು.

ಸಣ್ಣ ಊರಿನ ಕಟ್ಟಡಗಳನ್ನು ಕಲಾ ಇತಿಹಾಸದ ಅಳತೆಗೋಲಿನಲ್ಲಿ ಅಳೆದು ‘ಸಾಧಾರಣ’ ಅಂತ ತಳ್ಳಿಹಾಕುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಆ ಊರಿನ ಪುರಸಭಾ ಎಂಜಿನಿಯರನೋ ಗುತ್ತಿಗೆದಾರನೋ ಬರೆದ ನಕ್ಷೆ ಅದು. ಅಷ್ಟು ಕಡಿಮೆ ಹಣದಲ್ಲಿ ಅಷ್ಟು ಅಗಲದ ಹಾಲ್ ನಿಲ್ಲಿಸಿದ್ದು ಸಣ್ಣ ಸಾಧನೆಯಲ್ಲ.

ಒಂದೇ ಒಂದು ಕಟ್ಟಡ ನೋಡಲು ಸಮಯ ಇದ್ದರೆ ಯಾವುದನ್ನು ನೋಡಲಿ?

ಕ್ರಾಕುವ್‌ನದನ್ನು. ಅಲ್ಲಿ ಸಂಘ ಶುರುವಾದದ್ದು 1885ರಲ್ಲಿ. ಆಗಿನ ವೋಲ್ಸ್ಕಾ ರಸ್ತೆ, ಈಗಿನ ಪಿಸುದ್ಸ್ಕಿ ರಸ್ತೆಯಲ್ಲಿ, 1889ರಲ್ಲಿ ಕಾರೋಲ್ ಕ್ನಾವ್ಸ್ ನಕ್ಷೆಯಂತೆ ಕಟ್ಟಡ ಎದ್ದಿತು. ಜನ ಹೆಚ್ಚಾಗಿ ಜಾಗ ಸಾಲದೆ 1894ರಲ್ಲಿ ತೆಓದೋರ್ ತಾಲೋವ್ಸ್ಕಿ ಅದನ್ನು ವಿಸ್ತರಿಸಿದರು.

ತಾಲೋವ್ಸ್ಕಿ (1857–1910) ಕ್ರಾಕುವ್‌ನ ಅತ್ಯಂತ ವಿಶಿಷ್ಟ ವಾಸ್ತುಶಿಲ್ಪಿಗಳಲ್ಲಿ ಒಬ್ಬರು. ಹೆಚ್ಚು ಸುಟ್ಟು ಕಪ್ಪಾದ, ಸೊಟ್ಟಗಾದ ಇಟ್ಟಿಗೆಗಳನ್ನೇ ಬೇಕೆಂದು ಆರಿಸಿ, ಒರಟು ಕಲ್ಲಿನ ಜೊತೆ ಬೆರೆಸಿ, ಹೊಸ ಮನೆಯೂ ತಲೆಮಾರುಗಳಿಂದ ಅಲ್ಲೇ ಇದ್ದಂತೆ ತೋರಿಸುವುದು ಅವರ ಕೈಚಳಕ. ಅದೇ ಪಿಸುದ್ಸ್ಕಿ ರಸ್ತೆ ಮತ್ತು ರೆತೋರಿಕಾ ರಸ್ತೆ ಕೂಡುವ ಮೂಲೆಯಲ್ಲಿ ಅವರ ‘ಹಾಡುವ ಕಪ್ಪೆಯ ಮನೆ’ ಇದೆ. ಸೊಕುವ್ ನೋಡಿ ಅಲ್ಲಿಗೆ ನಡೆದೇ ಹೋಗಬಹುದು.

ಸೊಕುವ್‌ನ ಕೆಂಪು ಇಟ್ಟಿಗೆಯ ಗೋಡೆಯ ಮುಂದೆ ನಿಂತಾಗ ಸೂರಿನ ಕೆಳಗಿನ ಚಿತ್ರಪಟ್ಟಿಯನ್ನು ಬಿಡದೆ ನೋಡಿ. ಅದನ್ನು ಮಾಡಿದವರು ಆಂತೋನಿ ತೂಖ್, ವಿಧಾನ ಸ್ಗ್ರಾಫಿತೊ. ಅದು ಬಣ್ಣ ಬಳಿದು ಬರೆದ ಚಿತ್ರವಲ್ಲ. ಮೊದಲು ಗಾಢ ಬಣ್ಣದ ಗಾರೆ ಮೆತ್ತುತ್ತಾರೆ, ಅದರ ಮೇಲೆ ತಿಳಿ ಬಣ್ಣದ ತೆಳು ಪದರ. ಮೇಲಿನದು ಹಸಿಯಾಗಿರುವಾಗಲೇ ಚೂಪು ಕತ್ತಿಯಿಂದ ಕೆರೆಯುತ್ತ ಹೋದರೆ ಕೆಳಗಿನ ಬಣ್ಣ ಗೆರೆಗಳಾಗಿ ಮೂಡುತ್ತದೆ. ಗಾರೆ ಒಣಗುವುದರೊಳಗೆ ಮುಗಿಸಬೇಕು, ಕೈ ತಪ್ಪಿದರೆ ತಿದ್ದಲು ಬರುವುದಿಲ್ಲ. ಸಂಜೆಯ ಓರೆ ಬಿಸಿಲಲ್ಲಿ ಕೆರೆದ ಅಂಚುಗಳ ಸಣ್ಣ ನೆರಳು ಸ್ಪಷ್ಟವಾಗಿ ಕಾಣುತ್ತದೆ.

ಅಲ್ಲಿಂದ ಇನ್ನೂ ಸ್ವಲ್ಪ ಪಶ್ಚಿಮಕ್ಕೆ ನಡೆದರೆ ಬ್ವೋನಿಯಾ ಎಂಬ ದೊಡ್ಡ ಹುಲ್ಲುಗಾವಲು, ಅದರ ಅಂಚಿನಲ್ಲಿ ವೈದ್ಯ ಹೆನ್ರಿಕ್ ಯೋರ್ದಾನ್ 1889ರಲ್ಲಿ ಮಕ್ಕಳಿಗಾಗಿ ತೆರೆದ ಆಟದ ಉದ್ಯಾನ. ಸಂಘದ ಭವನವೂ ಉದ್ಯಾನವೂ ಒಂದೇ ವರ್ಷದವು. ಇಡೀ ನಗರ ಮೈಕಸುವಿನ ಬಗ್ಗೆ ಆಗ ಎಷ್ಟು ತಲೆಕೆಡಿಸಿಕೊಂಡಿತ್ತು ಎನ್ನುವುದು ಆ ಒಂದು ರಸ್ತೆಯಲ್ಲಿ ನಡೆದರೆ ಗೊತ್ತಾಗುತ್ತದೆ.

ಹೆಂಗಸರಿಗೆ ಪ್ರವೇಶ ಇತ್ತೇ?

ಮೊದಲಿಗೆ ಇದು ಗಂಡಸರ ಸಂಘವೇ. ಕ್ರಮೇಣ ಹೆಂಗಸರಿಗೂ ಹುಡುಗಿಯರಿಗೂ ಬೇರೆ ಹೊತ್ತಿನಲ್ಲಿ ತರಗತಿಗಳಾದವು. ಸದಸ್ಯರು ಒಬ್ಬರನ್ನೊಬ್ಬರು ಗಂಡಸಾದರೆ ‘ದ್ರುಖ್’, ಹೆಂಗಸಾದರೆ ‘ದ್ರುಖ್ನಾ’ ಎಂದು, ಗೆಳೆಯ ಗೆಳತಿ ಅನ್ನುವ ಅರ್ಥದಲ್ಲಿ ಕರೆಯುತ್ತಿದ್ದರು. ವಕೀಲರಿಗೂ ಬಡಗಿಗೂ ಅದೇ ಸಂಬೋಧನೆ.

ಪೋಲಿಷ್ ಫುಟ್‌ಬಾಲ್ ಸೊಕುವ್‌ನಿಂದ ಶುರುವಾಯಿತು ಅನ್ನುವುದು ನಿಜವೇ?

ದಾಖಲಾದ ಮೊದಲ ಪಂದ್ಯ ಅವರದ್ದೇ. 1894ರ ಜುಲೈ 14ರಂದು ಲ್ವಿವ್‌ನ ಸ್ತ್ರಿಯ್ ಉದ್ಯಾನದಲ್ಲಿ, ಸೊಕುವ್ ಸಮಾವೇಶದ ನಡುವೆ ಲ್ವಿವ್ ಮತ್ತು ಕ್ರಾಕುವ್ ತಂಡಗಳು ಆಡಿದವು. ಆರನೇ ನಿಮಿಷಕ್ಕೆ ವ್ಲೊದ್ಜಿಮಿಯೆಶ್ ಹೊಮಿತ್ಸ್ಕಿ ಎಂಬ ಹುಡುಗ ಗೋಲು ಹೊಡೆದ. ಅಲ್ಲಿಗೆ ಪಂದ್ಯ ಮುಗಿಯಿತು, ಯಾಕೆಂದರೆ ಮೈದಾನ ಸಾಮೂಹಿಕ ಕವಾಯತಿಗೆ ಬೇಕಾಗಿತ್ತು. ಸಂಘಕ್ಕೆ ಯಾವುದು ಮುಖ್ಯವಾಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಪೋಲಿಷ್ ಸ್ಕೌಟ್ ಚಳವಳಿಯೂ 1911ರ ಹೊತ್ತಿಗೆ ಲ್ವಿವ್‌ನ ತಾಯಿ ಸಂಘದ ಆಸರೆಯಲ್ಲೇ ಬೆಳೆಯಿತು. ಆಂದ್ಜೇಯ್ ಮಾವ್ಕೋವ್ಸ್ಕಿ ಅದರ ಮುಖ್ಯ ಹೆಸರು. ಯುದ್ಧ ಹತ್ತಿರವಾದಂತೆ ಸೊಕುವ್ ಹಾಲ್‌ಗಳಲ್ಲಿ ಕವಾಯತಿನ ಜೊತೆ ಬಂದೂಕಿನ ತರಬೇತಿಯೂ ಸೇರಿತು. ಆ ತಂಡಗಳನ್ನು ತರಬೇತುಗೊಳಿಸಿದವರಲ್ಲಿ ಮುಂದೆ ಜನರಲ್ ಆಗಿ ಹೆಸರಾದ ಯೂಜೆಫ್ ಹಾಲೆರ್ ಒಬ್ಬರು.

ಅದೇ ಊರುಗಳಲ್ಲಿದ್ದ ಉಕ್ರೇನಿಯನ್ನರು, ಯಹೂದಿಗಳು ಇದನ್ನು ಹೇಗೆ ನೋಡಿದರು?

ಪೋಲಿಷ್ ಬರಹಗಳಲ್ಲಿ ಈ ಪ್ರಶ್ನೆಯನ್ನು ಹಾರಿಸಿ ಹೋಗುವುದುಂಟು, ಹಾಗೆ ಮಾಡಬಾರದು. ಪೂರ್ವ ಗಲೀಶಿಯಾದ ಹಳ್ಳಿಗಳಲ್ಲಿ ಬಹುಪಾಲು ಜನ ಉಕ್ರೇನಿಯನ್ನರು. ಪೇಟೆ ಊರುಗಳಲ್ಲಿ ಯಹೂದಿಗಳ ಸಂಖ್ಯೆ ದೊಡ್ಡದು. ವಿಯೆನ್ನಾದ ಎದುರು ಪೋಲಿಷರು ದುರ್ಬಲರಾಗಿದ್ದರೂ ಊರೊಳಗೆ ಅಧಿಕಾರ ಅವರದ್ದೇ. ಪೇಟೆಯ ಮುಖ್ಯ ಜಾಗದಲ್ಲಿ ಪೋಲಿಷ್ ಡೇಗೆ ಕೂತ ಕಟ್ಟಡ ಎದ್ದರೆ, ಪಕ್ಕದವರಿಗೆ ಅದು ‘ಊರು ನಮ್ಮದು’ ಎಂದು ಸಾರಿದ ಹಾಗೆ. 1894ರಲ್ಲಿ ಲ್ವಿವ್‌ನಲ್ಲಿ ಉಕ್ರೇನಿಯನ್ನರು ತಮ್ಮದೇ ‘ಸೊಕಿಲ್’ ಕಟ್ಟಿದರು. ಇವಾನ್ ಬೊಬೆರ್ಸ್ಕಿ ಅದನ್ನು ಬೆಳೆಸಿದರು. ಯಹೂದಿ ತರುಣರೂ ತಮ್ಮ ವ್ಯಾಯಾಮ ಸಂಘಗಳನ್ನು ಕಟ್ಟಿಕೊಂಡರು. ಕಾಲ ಕಳೆದಂತೆ ಪೋಲಿಷ್ ಸೊಕುವ್‌ನಲ್ಲಿ ಬಲಪಂಥೀಯ ರಾಷ್ಟ್ರೀಯವಾದಿಗಳ ಹಿಡಿತ ಹೆಚ್ಚಾಯಿತು ಎಂಬುದೂ ಚರಿತ್ರೆಯ ಭಾಗ.

ಒಂದೇ ಬಗೆಯ ಸರಳು, ಒಂದೇ ಬಗೆಯ ಕುದುರೆ, ಒಂದೇ ಬಗೆಯ ಕವಾಯತು, ಆದರೆ ಒಂದೇ ಊರಲ್ಲಿ ಬೇರೆ ಬೇರೆ ಬಾಗಿಲು. ಕಟ್ಟಡಗಳನ್ನು ಮೆಚ್ಚುವಾಗ ಇದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಅಮೆರಿಕದಲ್ಲೂ ಇಂಥ ಭವನಗಳು ಇವೆಯಂತೆ?

ಇವೆ. ಪೋಲಿಷ್ ವಲಸಿಗರು 1887ರಲ್ಲಿ ಷಿಕಾಗೋದಲ್ಲಿ ಮೊದಲ ಗೂಡು ಕಟ್ಟಿದರು. ಉಕ್ಕಿನ ಕಾರ್ಖಾನೆ, ಕಸಾಯಿಖಾನೆಗಳಲ್ಲಿ ದುಡಿದು ಬಂದವರ ಸಂಜೆಯ ಜಾಗ ಅದು. ಅಲ್ಲಿನ ಕಟ್ಟಡಗಳಲ್ಲಿ ಅಲಂಕಾರ ಕಡಿಮೆ, ಉಪಯೋಗ ಜಾಸ್ತಿ.

1917ರ ಏಪ್ರಿಲ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಅವರ ಸಭೆಯನ್ನು ಉದ್ದೇಶಿಸಿ ಮಾತಾಡಿದ ಪಿಯಾನೋ ಮಾಂತ್ರಿಕ ಇಗ್ನಾತ್ಸಿ ಪಾದೆರೆವ್ಸ್ಕಿ, ಪೋಲೆಂಡಿನ ಬಿಡುಗಡೆಗಾಗಿ ಸೈನ್ಯ ಕಟ್ಟೋಣ ಎಂದು ಕರೆ ಕೊಟ್ಟರು. 1910ರ ಜುಲೈ 15ರಂದು ಕ್ರಾಕುವ್‌ನಲ್ಲಿ ಪೋಲಿಷರು ಜರ್ಮನ್ ನೈಟ್‌ಗಳನ್ನು ಸೋಲಿಸಿದ ಗ್ರುನ್‌ವಾಲ್ಡ್ ಯುದ್ಧದ 500ನೇ ವರ್ಷದ ಸ್ಮಾರಕವನ್ನು ತಮ್ಮ ಹಣದಿಂದ ನಿಲ್ಲಿಸಿಕೊಟ್ಟವರೂ ಪಾದೆರೆವ್ಸ್ಕಿಯವರೇ. ಆ ಸಂಭ್ರಮಕ್ಕೆ ಸೊಕುವ್‌ನವರು ದೊಡ್ಡ ಸಮಾವೇಶವನ್ನೇ ನಡೆಸಿದ್ದರು. ಅಮೆರಿಕದ ಗೂಡುಗಳಿಂದ ಹೊರಟ ಎಷ್ಟೋ ಸ್ವಯಂಸೇವಕರು ಫ್ರಾನ್ಸಿನಲ್ಲಿ ಹಾಲೆರ್ ಅವರ ನೀಲಿ ಸಮವಸ್ತ್ರದ ಸೈನ್ಯ ಸೇರಿದರು.

ಎರಡನೇ ಮಹಾಯುದ್ಧದ ನಂತರ ಏನಾಯಿತು?

1939ರಲ್ಲಿ ನಾಜಿಗಳು ಸಂಘವನ್ನು ಮುಚ್ಚಿಸಿದರು, ಮುಂದಾಳುಗಳನ್ನು ಹುಡುಕಿ ಕೊಂದರು, ಕಟ್ಟಡಗಳನ್ನು ಕಿತ್ತುಕೊಂಡರು. ಯುದ್ಧ ಮುಗಿದ ಮೇಲೆ ಗಡಿ ಪಶ್ಚಿಮಕ್ಕೆ ಸರಿದು ಲ್ವಿವ್ ಸೋವಿಯತ್ ಪಾಲಾಯಿತು. ತಾಯಿ ಸಂಘದ ಮನೆ ಪೋಲೆಂಡಿನ ಹೊರಗೆ ಉಳಿಯಿತು. ಪೋಲೆಂಡಿನೊಳಗೆ ಕಮ್ಯುನಿಸ್ಟ್ ಸರ್ಕಾರ 1940ರ ದಶಕ ಮುಗಿಯುವ ಮೊದಲೇ ಸಂಘಕ್ಕೆ ಬೀಗ ಹಾಕಿಸಿತು.

ಕಟ್ಟಡಗಳು ಮಾತ್ರ ಉಳಿದವು, ಮತ್ತು ಉಳಿಸಿದ್ದು ಆ ವೇದಿಕೆ. ಹಾಲ್, ಗ್ಯಾಲರಿ, ವೇದಿಕೆ ಮೂರೂ ಸಿದ್ಧವಾಗಿದ್ದ ಕಟ್ಟಡವನ್ನು ನಾಟಕಶಾಲೆ ಮಾಡುವುದು ಸುಲಭ. ಝೆಷುವ್ ನಗರದಲ್ಲಿ 1944ರಲ್ಲೇ ಸೊಕುವ್ ಮನೆಯಲ್ಲಿ ರಂಗಭೂಮಿ ಶುರುವಾಯಿತು; ಅದೀಗ ನಟಿ ವಾಂದಾ ಶೆಮಾಷ್ಕೋವಾ ಹೆಸರಿನಲ್ಲಿದೆ, ಬೀದಿಯ ಹೆಸರು ಇಂದಿಗೂ ಸೊಕುವ್ ಬೀದಿ. ತಾರ್ನುವ್‌ನಲ್ಲಿ ನಟ ಲುದ್ವಿಕ್ ಸೋಲ್ಸ್ಕಿ ಹೆಸರಿನ ರಂಗಮಂದಿರವೂ ಹಳೇ ಸೊಕುವ್ ಮನೆಯೇ. ನೋವಿ ಸೋಂಚ್‌ನದು ಪ್ರಾಂತ್ಯದ ಸಂಸ್ಕೃತಿ ಕೇಂದ್ರವಾಗಿ ಹಳೇ ಹೆಸರನ್ನೇ ಇಟ್ಟುಕೊಂಡಿದೆ. ಆದಾ ಸಾರಿ ಎಂಬ ಗಾಯಕಿಯ ಹೆಸರಿನ ಸಂಗೀತೋತ್ಸವ ನಡೆಸುವವರು ಅವರೇ. ಜಕೋಪಾನೆ ಎಂಬ ಬೆಟ್ಟದೂರಿನಲ್ಲಿ ಸೊಕುವ್ ಹೆಸರು ಸಿನಿಮಾ ಮಂದಿರಕ್ಕೆ ಅಂಟಿಕೊಂಡಿತು.

1989ರಲ್ಲಿ ಕಮ್ಯುನಿಸ್ಟ್ ಆಡಳಿತ ಕೊನೆಗೊಂಡ ನಂತರ ಸಂಘ ಮತ್ತೆ ತಲೆಯೆತ್ತಿತು. ಕ್ರಾಕುವ್‌ನಲ್ಲಿ ಹಳೇ ಮನೆಯಲ್ಲೇ ಮತ್ತೆ ತಾಲೀಮು ನಡೆಯುತ್ತಿದೆ. ಎಲ್ಲ ಊರಲ್ಲೂ ಹಾಗಾಗಲಿಲ್ಲ. ನಾಲ್ಕೈದು ದಶಕ ನಾಟಕ ಆಡಿದ ಕಟ್ಟಡವನ್ನು ಯಾರಿಗೆ ಕೊಡಬೇಕು ಎಂಬುದು ಸುಲಭದ ಪ್ರಶ್ನೆಯಲ್ಲ. ನನ್ನನ್ನು ಕೇಳಿದರೆ, ಜನ ಬಂದು ಕೂರುವ ನಾಟಕಶಾಲೆ ಬಾಗಿಲು ಮುಚ್ಚಿದ ಸಂಘಕ್ಕಿಂತ ಕಟ್ಟಿದವರ ಆಸೆಗೆ ಹತ್ತಿರ.

ಅಪರಿಚಿತ ಊರಲ್ಲಿ ಇಂಥ ಕಟ್ಟಡವನ್ನು ಹೇಗೆ ಗುರುತಿಸುವುದು?

ಮೊದಲು ರಸ್ತೆ ಹೆಸರಿನಲ್ಲಿ ‘ಸೊಕುವ್’ ಇದೆಯೇ ನೋಡಿ. ಆಮೇಲೆ ನೆತ್ತಿ ನೋಡಿ: ಡೇಗೆ ಇರಬಹುದು, ಅಥವಾ ಅದನ್ನು ಕಿತ್ತ ಖಾಲಿ ಪೀಠ ಇರಬಹುದು. ನಂತರ ಪಕ್ಕದ ಓಣಿಗೆ ಹೋಗಿ ನಿಲ್ಲಿ. ಮುಂಭಾಗದಲ್ಲಿ ಎರಡು ಅಂತಸ್ತು ಕಂಡು, ಹಿಂಭಾಗದಲ್ಲಿ ಒಂದೇ ಸಾಲು ಉದ್ದ ಕಿಟಕಿಗಳ ಒಂದೇ ಎತ್ತರದ ಭಾಗ ಇದ್ದರೆ ಅದು ಬಹುತೇಕ ಸೊಕುವ್ ಹಾಲ್.

ದುರಸ್ತಿ ಮಾಡುವಾಗ ಯಾವುದನ್ನು ಉಳಿಸಿಕೊಳ್ಳಬೇಕು?

ಸಾಮಾನ್ಯವಾಗಿ ಹಣ ಹೋಗುವುದು ಮುಂಭಾಗಕ್ಕೆ. ಗಾರೆ ತೊಳೆದು, ಬಣ್ಣ ಹೊಡೆದು, ಡೇಗೆಗೆ ಹೊಸ ರೆಕ್ಕೆ ಕೊಟ್ಟು ಫೋಟೋ ತೆಗೆಯುತ್ತಾರೆ. ಒಳಗೆ ಮಾತ್ರ ಇಳಿಜಾರಿನ ಕುರ್ಚಿ ಸಾಲು ಜೋಡಿಸಲು ಹಳೇ ಹಲಗೆ ನೆಲವನ್ನು ಕಿತ್ತೆಸೆಯುತ್ತಾರೆ, ಹವಾನಿಯಂತ್ರಣದ ಕೊಳವೆ ಮುಚ್ಚಲು ಸುಳ್ಳು ಸೂರು ಹೊದಿಸುತ್ತಾರೆ, ತೊಲೆ, ಕೊಕ್ಕೆಗಳು ಅದರ ಹಿಂದೆ ಮರೆಯಾಗುತ್ತವೆ. ನನಗೆ ಸಂಕಟವಾಗುವುದು ಇಲ್ಲಿ. ಕನಿಷ್ಠ ಮೂರು ಕೆಲಸ ಮಾಡಬಹುದು: ಸೂರಿನ ತೊಲೆಗಟ್ಟನ್ನು ಕಣ್ಣಿಗೆ ಕಾಣುವಂತೆ ಬಿಡುವುದು, ಕುರ್ಚಿಗಳನ್ನು ಎತ್ತಿ ಸರಿಸುವಂತೆ ಮಾಡಿ ನೆಲವನ್ನು ಸಮತಟ್ಟಾಗಿ ಉಳಿಸುವುದು, ಮತ್ತು ವರ್ಷಕ್ಕೆ ಕೆಲವು ದಿನವಾದರೂ ಊರಿನ ಮಕ್ಕಳಿಗೆ ಅಲ್ಲಿ ಓಡಿ ಹಾರಲು ಬಿಡುವುದು.